ಗಂಗಾವತಿಯಲ್ಲಿ ಬೆಂಜ್ ಕಾರು ಸಾಕುವುದು: ನನ್ನ ಅನುಭವ

ನಮ್ಮ ರೈಸ್ ಮಿಲ್ ಇರುವುದು ಗಂಗಾವತಿಯಲ್ಲಿ. ನನ್ನ ಕಾರಿನ ಸರ್ವೀಸ್ ಆಗುವುದು ಬೆಂಗಳೂರಿನಲ್ಲಿ. ನಡುವೆ 350 ಕಿಲೋಮೀಟರಿಗೂ ಹೆಚ್ಚು ದಾರಿ. 2023ರಲ್ಲಿ ಮರ್ಸಿಡಿಸ್ ಸಿ-ಕ್ಲಾಸ್ ಡೀಸೆಲ್, ಅಂದರೆ ಸಿ 220 ಡಿ, ತೆಗೆದುಕೊಳ್ಳುವಾಗ ನಾನು ಮೊದಲು ಲೆಕ್ಕ ಹಾಕಿದ್ದು ಈ ದೂರವನ್ನೇ. ಬೆಂಗಳೂರಿನವರಿಗೆ ಸರ್ವೀಸ್ ಸೆಂಟರ್ ಎಂದರೆ ಆಫೀಸಿಗೆ ಹೋಗುವಾಗ ಕಾರು ಬಿಟ್ಟು ಸಂಜೆ ತಂದುಕೊಳ್ಳುವ ಜಾಗ. ನಮಗೆ ಅದು ಬೆಳಗಿನ ಜಾವ ಎದ್ದು ಹೊರಡುವ ಪ್ರಯಾಣ. ಹೀಗಾಗಿ ಒಂದು ಸರ್ವೀಸಿನಿಂದ ಇನ್ನೊಂದು ಸರ್ವೀಸಿನವರೆಗೆ ಊರಲ್ಲಿ ನಾವೇ ಕಾರನ್ನು ಹೇಗೆ ನೋಡಿಕೊಳ್ಳುತ್ತೇವೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆಯ ಗೆಳೆಯರು ಈ ಬಗ್ಗೆ ಆಗಾಗ ಕೇಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಸಿ 220 ಡಿ 2022ರ ಮೇ ತಿಂಗಳಲ್ಲಿ ಬಂದಾಗ ಎಕ್ಸ್-ಶೋರೂಮ್ ಬೆಲೆ 56 ಲಕ್ಷ ಇತ್ತು, ಆಮೇಲೆ ಏರಿತು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಿತಾವಧಿ ತೆರಿಗೆ ಶೇ 18. ಅದರ ಮೇಲೆ ಸೆಸ್ ಸೇರಿದರೆ ಹೆಚ್ಚುಕಡಿಮೆ ಶೇ 20 ಆಗುತ್ತದೆ. 56 ಲಕ್ಷಕ್ಕೇ ಲೆಕ್ಕ ಹಾಕಿದರೂ ಆರ್‌ಟಿಒಗೆ ಹೋಗುವುದು ಸುಮಾರು 11 ಲಕ್ಷ. ಇದನ್ನು ಉಳಿಸಲು ಪುದುಚೇರಿ ನಂಬರ್ ಹಾಕಿಸಿ ಎಂದು ಹೇಳುವವರು ಸಿಗುತ್ತಾರೆ. ಇಲ್ಲಿ ಬದುಕಿ, ಇಲ್ಲಿನ ರಸ್ತೆಯಲ್ಲಿ ಓಡಿಸುವ ಕಾರಿಗೆ ಇಲ್ಲೇ ತೆರಿಗೆ ಕಟ್ಟಬೇಕು. ನನ್ನದು ಕೆಎ-37, ನಮ್ಮ ಕೊಪ್ಪಳ ಜಿಲ್ಲೆಯದೇ ನಂಬರ್. ಶೋರೂಮಿನವರು 1 ಪರ್ಸೆಂಟ್ ಟಿಸಿಎಸ್, ಅಂದರೆ ಮುಂಗಡ ಆದಾಯ ತೆರಿಗೆ, ಹಿಡಿಯುತ್ತಾರೆ, ಅದನ್ನು ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಜಿಎಸ್‌ಟಿ ಮಾತ್ರ ಮಿಲ್ ಹೆಸರಲ್ಲಿ ಕೊಂಡರೂ ಇನ್‌ಪುಟ್ ಆಗಿ, ಅಂದರೆ ಮಿಲ್ ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಲು, ಸಿಗುವುದಿಲ್ಲ. ನಾನು ಕೊಂಡಾಗ ಜಿಎಸ್‌ಟಿ, ಸೆಸ್ ಎರಡೂ ಕೂಡಿ ಶೇ 48 ಇತ್ತು, 2025ರ ಸೆಪ್ಟೆಂಬರ್ 22ರಿಂದ ಒಟ್ಟು ಶೇ 40 ಆಗಿದೆ. ಈಗ ಕೊಳ್ಳುವವರಿಗೆ ಅಷ್ಟು ಅನುಕೂಲ.

ನನ್ನಂತೆ ಭತ್ತದ ವ್ಯವಹಾರದಲ್ಲಿ ಇರುವವರಿಗೆ ಒಂದು ಮಾತು. ಮುಂಗಾರಿನ ಭತ್ತ ನವೆಂಬರ್-ಡಿಸೆಂಬರಿನಲ್ಲಿ ಮಿಲ್ಲಿಗೆ ಬರುತ್ತದೆ, ಆಗ ಕೈಯಲ್ಲಿನ ರೊಕ್ಕವೆಲ್ಲ ಖರೀದಿಗೆ ಬೇಕು. ಅದೇ ಹೊತ್ತಿಗೆ ಶೋರೂಮಿನವರು ವರ್ಷದ ಕೊನೆಯ ಡಿಸ್ಕೌಂಟ್ ಎಂದು ಫೋನ್ ಮಾಡುತ್ತಾರೆ. ನಾನು ಆಗ ಕೊಳ್ಳಲಿಲ್ಲ. ರೈತರ ಬಾಕಿ ಪೂರ್ತಿ ತೀರಿಸಿ, ಹಂಗಾಮು ಮುಗಿದ ಮೇಲೆ ಬುಕ್ ಮಾಡಿದೆ. ಬಾಕಿ ಇಟ್ಟುಕೊಂಡು ಹೊಸ ಬೆಂಜ್ ತಂದು ಮಿಲ್ಲಿನ ಮುಂದೆ ನಿಲ್ಲಿಸಿದರೆ ಮುಂದಿನ ವರ್ಷ ಆ ರೈತ ನಮ್ಮ ಗೇಟಿಗೆ ಟ್ರ್ಯಾಕ್ಟರ್ ತಿರುಗಿಸುವುದಿಲ್ಲ. ಡಿಸೆಂಬರಿನ ಡಿಸ್ಕೌಂಟಿಗೆ ಇನ್ನೊಂದು ಮುಖವೂ ಇದೆ. ಆ ಕಾರು ಜನವರಿಗೆ ಹೋದ ವರ್ಷದ ಮಾಡೆಲ್ ಆಗುತ್ತದೆ, ಮಾರುವಾಗ ಅದು ಲೆಕ್ಕಕ್ಕೆ ಬರುತ್ತದೆ.

ಯಾವ ಕಾರು ಎನ್ನುವ ಪ್ರಶ್ನೆಗೆ ದೂರವೇ ಉತ್ತರ ಕೊಟ್ಟಿತು. ನಮ್ಮ ಓಡಾಟ ಹೆಚ್ಚಾಗಿ ಹೈವೇಯಲ್ಲಿ, ಆದ್ದರಿಂದ ಡೀಸೆಲ್ಲೇ ಬೇಕಿತ್ತು. ಔಡಿಯವರು ಭಾರತದಲ್ಲಿ ಡೀಸೆಲ್ ಕಾರು ನಿಲ್ಲಿಸಿದ್ದರಿಂದ ಎ4 ಪಟ್ಟಿಯಿಂದ ಹೊರಗಾಯಿತು. ಬಿಎಂಡಬ್ಲ್ಯು 3 ಸೀರೀಸ್ ಗ್ರಾನ್ ಲಿಮೋಸಿನ್ ಓಡಿಸಲು ಬಹಳ ಚೆಂದ, ಹಿಂದೆ ಕಾಲು ಚಾಚಲು ಜಾಗವೂ ಅದರಲ್ಲೇ ಹೆಚ್ಚು. ಆದರೆ ಅದಕ್ಕೆ ರನ್-ಫ್ಲಾಟ್ ಟೈರು. ಗಾಳಿ ಹೋದರೂ ಗಂಟೆಗೆ 80 ಕಿ.ಮೀ. ವೇಗದೊಳಗೆ ಸುಮಾರು 80 ಕಿ.ಮೀ. ಓಡಬಹುದು ಎನ್ನುವುದು ಅದರ ಲೆಕ್ಕ. ನಮ್ಮ ಕಡೆ 80 ಕಿ.ಮೀ. ಓಡಿದರೂ ಆ ಅಳತೆಯ ಟೈರು ಇಟ್ಟಿರುವ ಅಂಗಡಿ ಸಿಗುತ್ತದೆಂಬ ಭರವಸೆ ಇಲ್ಲ. ಸಿ-ಕ್ಲಾಸ್‌ಗೆ ಮಾಮೂಲಿ ಟೈರು, ಡಿಕ್ಕಿಯಲ್ಲಿ ಚಿಕ್ಕ ಸ್ಟೆಪ್ನಿ. ಡಿಕ್ಕಿಯ ಜಾಗ ತಿನ್ನುತ್ತದೆ ನಿಜ, ಆದರೂ ನನಗೆ ಅದೇ ಬೇಕಿತ್ತು. ಗಾಲಿಯೂ 17 ಇಂಚಿನದ್ದೇ ಸಾಕು ಎಂದೆ. 225/50, ಅಂದರೆ 225 ಮಿ.ಮೀ. ಅಗಲ, ಅದರ ಶೇ 50ರಷ್ಟು ಎತ್ತರದ ಟೈರಿಗೆ ಪಕ್ಕದ ಗೋಡೆ 11 ಸೆಂಟಿಮೀಟರ್ ಮೇಲಿರುತ್ತದೆ, ಗುಂಡಿಗೆ ಬಿದ್ದಾಗ ರಿಮ್ ಉಳಿಸುವುದು ಅದೇ.

ಟೆಸ್ಟ್ ಡ್ರೈವ್‌ಗೆ ಅಪ್ಪಾಜಿಯನ್ನೂ ಕರೆದುಕೊಂಡು ಹೋಗಿದ್ದೆ. ಹಿಂದೆ ಕೂತು ಇಳಿದವರೇ, "ಕೂಡಾಕ ಚಲೋ ಐತಿ, ಏಳಾಕ ಒಬ್ರು ಬೇಕು ನೋಡಪ" ಅಂದರು. ಸೆಡಾನ್ ಸೀಟು ತಗ್ಗು. ಮನೆಯಲ್ಲಿ ಮೊಣಕಾಲು ನೋವಿನ ಹಿರಿಯರಿದ್ದರೆ ಅವರನ್ನು ಕೂರಿಸಿ ನೋಡದೆ ಬುಕ್ ಮಾಡಬೇಡಿ. ಈಗ ಅಪ್ಪಾಜಿ ಮೊದಲು ಸೀಟಿಗೆ ಕುಂಡೆ ಊರಿ, ಆಮೇಲೆ ಎರಡೂ ಕಾಲು ಜೋಡಿಸಿ ಒಳಗೆ ತಂದುಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದಾರೆ.

ಡೆಲಿವರಿಗೆ ಮೊದಲು ಯಾರ್ಡಿಗೇ ಹೋಗಿ ಕಾರು ನೋಡಿದೆ. ಚಾಸಿ ನಂಬರ್, ತಯಾರಾದ ತಿಂಗಳು, ಟೈರಿನ ಮೇಲಿನ ನಾಲ್ಕಂಕಿ. ಅಲ್ಲಿ 1423 ಎಂದಿದ್ದರೆ 2023ರ 14ನೇ ವಾರದ ಟೈರು ಎಂದು ಅರ್ಥ. ಐದೂ ಟೈರು ಹತ್ತಿರಹತ್ತಿರದ ವಾರದವು ಇರಬೇಕು. ಇನ್ಶೂರೆನ್ಸಿನಲ್ಲಿ ಜೀರೋ ಡೆಪ್ರಿಸಿಯೇಶನ್ (ಪಾರ್ಟಿನ ಸವಕಳಿ ಕಳೆಯದೆ ಕೊಡುವುದು), ಎಂಜಿನ್ ಪ್ರೊಟೆಕ್ಷನ್, ರಿಟರ್ನ್ ಟು ಇನ್‌ವಾಯ್ಸ್ (ಕಾರು ಪೂರ್ತಿ ಹೋದರೆ ಬಿಲ್ಲಿನ ಬೆಲೆ ಕೊಡುವುದು), ಟೈರು ಈ ನಾಲ್ಕನ್ನೂ ಬಿಡಲಿಲ್ಲ. ಇಲಿ ಕಡಿದ ವೈರಿಂಗ್‌ಗೆ ಪಾಲಿಸಿ ಕೊಡುತ್ತದೆಯೋ ಇಲ್ಲವೋ ಎಂದು ಕೇಳಿ, ಇಮೇಲ್‌ನಲ್ಲಿ ಬರೆಸಿಕೊಂಡೆ. ಮಿಲ್ಲಿನವರಿಗೆ ಇದು ಮುಖ್ಯ. ಮೊದಲ 1,500 ಕಿ.ಮೀ. ಎಂಜಿನ್‌ಗೆ ಒತ್ತಡ ಕೊಡದೆ, ವೇಗ ಬದಲಿಸುತ್ತಾ ಓಡಿಸಬೇಕೆಂದು ಮ್ಯಾನುವಲ್ ಹೇಳುತ್ತದೆ. ಹಾಗೇ ಓಡಿಸಿದೆವು.

ಇನ್ನು ನಿಜವಾದ ಕೆಲಸ: ಧೂಳು. ನಮ್ಮ ಮಿಲ್ಲಿನ ಬಾಯ್ಲರ್ ಉರಿಯುವುದು ಭತ್ತದ ಹೊಟ್ಟಿನಿಂದ. ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಗಾಜು ಮಾಡಲು ಬಳಸುವ ವಸ್ತು ಅದು. ಕಾರನ್ನು ರಾತ್ರಿ ಮಿಲ್ ಅಂಗಳದಲ್ಲಿ ಬಿಟ್ಟು ಬೆಳಗ್ಗೆ ಬಾನೆಟ್ ಮೇಲೆ ಬೆರಳಾಡಿಸಿದರೆ ಬೂದುಬಣ್ಣದ ತೆಳು ಪದರ ಬೆರಳಿಗೆ ಹತ್ತುತ್ತದೆ. ಎರಡು ಬೆರಳ ನಡುವೆ ಉಜ್ಜಿದರೆ ಚರಚರ ಅನ್ನುತ್ತದೆ. ಇದರ ಮೇಲೆ ಒಣ ಬಟ್ಟೆ ಎಳೆಯುವುದೂ ಒಂದೇ, ಮರಳು ಕಾಗದ ಉಜ್ಜುವುದೂ ಒಂದೇ. ನಮ್ಮ ಕಡೆಯ ಡ್ರೈವರುಗಳಿಗೆ ಬೆಳಗ್ಗೆ ಬಂದ ಕೂಡಲೇ ಹೆಗಲ ಮೇಲಿನ ಬಟ್ಟೆಯಿಂದ ಕಾರು ಒರೆಸುವುದು ನಿಷ್ಠೆಯ ಕೆಲಸ. ನಮ್ಮ ಡ್ರೈವರ್ ಹುಡುಗನಿಗೆ ಒರೆಸಬೇಡ ಅಂದಾಗ ಅವನಿಗೆ ಬೇಜಾರಾಯಿತು. ಕೊನೆಗೆ ಒಂದು ಮಧ್ಯಾಹ್ನ ಅವನನ್ನು ಬಿಸಿಲಲ್ಲಿ ನಿಲ್ಲಿಸಿ, ಮಿಲ್ಲಿನ ಹಳೇ ಕಪ್ಪು ಕಾರಿನ ಬಾನೆಟ್ ಮೇಲೆ ಮೊಬೈಲಿನ ಟಾರ್ಚ್ ಹಿಡಿದು ತೋರಿಸಿದೆ. ಬೆಳಕಿನ ಸುತ್ತ ಜೇಡರ ಬಲೆಯ ಹಾಗೆ ಸಾವಿರಾರು ಗೆರೆ. "ಇವೆಲ್ಲ ಬಟ್ಟೀವೇನ್ರಿ ಸಾವ್ಕಾರ್ರ?" ಅಂದ. ಅವತ್ತಿನಿಂದ ಒಣ ಬಟ್ಟೆ ಬಿಟ್ಟ.

ಈಗ ನಾವು ಮಾಡುವುದು ಹೀಗೆ. ಮೊದಲು ಬರೀ ನೀರು, ಒತ್ತಡದಲ್ಲಿ ಮೇಲಿನಿಂದ ಕೆಳಕ್ಕೆ. ಆಮೇಲೆ ಶಾಂಪೂ ನೊರೆ ಹಾಕಿ ಐದು ನಿಮಿಷ ಬಿಡುತ್ತೇವೆ, ಒಣಗಲು ಬಿಡುವುದಿಲ್ಲ. ಮತ್ತೆ ನೀರು. ಇಷ್ಟಾದ ಮೇಲೇ ಉಜ್ಜುವ ಮೆತ್ತನೆಯ ಕೈಗವಸು. ಎರಡು ಬಕೀಟು ಇಡುತ್ತೇವೆ, ಒಂದು ಶಾಂಪೂವಿಗೆ, ಒಂದು ಕೈಗವಸು ತೊಳೆಯಲು. ಗಾಲಿಗೆ ಬೇರೆ ಬಟ್ಟೆ. ಬೋರಿನ ನೀರು ಗಡಸು, ಹಾಗೇ ಒಣಗಿದರೆ ಬಿಳಿ ಕಲೆ ಕೂರುತ್ತದೆ. ಹಾಗಾಗಿ ಕೊನೆಯ ಒಂದು ಕೊಡ ಕುಡಿಯುವ ನೀರಿನ ಘಟಕದಿಂದ ತಂದ ಶುದ್ಧ ನೀರು. ಬಿಸಿಲೇರುವ ಮುಂಚೆ, ನೆರಳಲ್ಲಿ ಮುಗಿಸಬೇಕು. ಗಿಣಿಗೇರಿ, ತೋರಣಗಲ್ಲು ಕಡೆ ಸ್ಪಾಂಜ್ ಐರನ್, ಸ್ಟೀಲ್ ಕಾರ್ಖಾನೆಗಳ ಪಕ್ಕ ಓಡಾಡುವವರಿಗೆ ಇನ್ನೊಂದು ಕೆಲಸ ಇದೆ. ಕಬ್ಬಿಣದ ಸಣ್ಣ ಕಣಗಳು ಪೇಂಟಿನಲ್ಲಿ ಕೂತು ತುಕ್ಕಿನ ಚುಕ್ಕಿಯಾಗುತ್ತವೆ. ಐರನ್ ರಿಮೂವರ್ ಎನ್ನುವ ದ್ರಾವಣ ಸಿಂಪಡಿಸಿದರೆ ಆ ಕಣ ಇದ್ದಲ್ಲೆಲ್ಲ ನೇರಳೆ ಬಣ್ಣ ಇಳಿಯುತ್ತದೆ. ಬಿಳಿ ಕಾರಿನ ಮೇಲೆ ಅದು ಇಳಿಯುವುದನ್ನು ನೋಡಿದರೆ ಎಷ್ಟು ಕಬ್ಬಿಣ ಹೊತ್ತು ತಿರುಗಿದ್ದೇವೆ ಎಂದು ತಿಳಿಯುತ್ತದೆ. ಎಸಿಯ ಕ್ಯಾಬಿನ್ ಫಿಲ್ಟರನ್ನೂ ಎಂಜಿನ್ ಏರ್ ಫಿಲ್ಟರನ್ನೂ ಪ್ರತಿ ಸರ್ವೀಸಿನಲ್ಲಿ ಬಿಚ್ಚಿಸಿ ಕಣ್ಣಾರೆ ನೋಡುತ್ತೇನೆ. ಮಿಲ್ ಗೇಟು ದಾಟುವಾಗ ಎಸಿ ಹೊರಗಿನ ಗಾಳಿ ಎಳೆಯದ ರಿಸರ್ಕ್ಯುಲೇಶನ್‌ನಲ್ಲೇ ಇರಬೇಕು.

ಇಲಿಗೆ ಔಷಧಿ, ಸ್ಪ್ರೇ, ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟುವುದು, ಎಲ್ಲ ಉಂಟು. ನಾನು ನೆಚ್ಚಿಕೊಂಡಿದ್ದು ಜಾಗವನ್ನು. ತೌಡು, ನುಚ್ಚಿನ ಗೋಡೌನಿನಿಂದ ದೂರ, ಸಿಮೆಂಟ್ ನೆಲದ ಶೆಡ್ ಕಟ್ಟಿಸಿ ಬಾಗಿಲಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿದೆ. ಕಾರೊಳಗೆ ಮಂಡಕ್ಕಿ, ಮಿರ್ಚಿ ತಿನ್ನುವುದು ಬಂದ್.

ಡೀಸೆಲ್ ಕಾರಿನ ಡಿಪಿಎಫ್ ಬಗ್ಗೆ ಎಲ್ಲರೂ ತಿಳಿಯಬೇಕು. ಹೊಗೆಯ ಮಸಿಯನ್ನು ಹಿಡಿದಿಡುವ ಜಾಲರಿ ಅದು. ಕಾರು ಹೈವೇಯಲ್ಲಿ ಒಂದೇ ಸಮನೆ ಓಡಿದಾಗ ಕಾವು ಏರಿ ಆ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಮನೆಯಿಂದ ಮಿಲ್, ಮಿಲ್ಲಿನಿಂದ ಬ್ಯಾಂಕ್, ಎಪಿಎಂಸಿ, ಇಷ್ಟರಲ್ಲೇ ಓಡಿಸಿದರೆ ಕಟ್ಟಿಕೊಳ್ಳುತ್ತದೆ. ನಮ್ಮಲ್ಲಿ ಊರೊಳಗಿನ ಓಡಾಟಕ್ಕೆ ಬೊಲೆರೊ ಇದೆ. ಬೆಂಜ್ ತೆಗೆದರೆ ಹಿಟ್ನಾಳ ದಾಟಿ ಹೈವೇ ಹತ್ತಲೇಬೇಕು. ಎಸಿಗಾಗಿ ಗಂಟೆಗಟ್ಟಲೆ ಎಂಜಿನ್ ಚಾಲೂ ಇಟ್ಟು ನಿಲ್ಲಿಸುವುದೂ ಬೇಡ.

ಇದೇ ಕಾವು ನಮ್ಮ ರಸ್ತೆಗಳಲ್ಲಿ ಅಪಾಯವೂ ಹೌದು. ಮಸಿ ಸುಡುವಾಗ ಡಿಪಿಎಫ್ ಒಳಗೆ 600 ಡಿಗ್ರಿ ಸೆಲ್ಸಿಯಸ್ ಆಸುಪಾಸು ಶಾಖ ಇರುತ್ತದೆ. ಸುಗ್ಗಿಯಲ್ಲಿ ನಮ್ಮ ರೈತರು ಡಾಂಬರು ರಸ್ತೆಯ ಮೇಲೇ ಒಕ್ಕಣೆ ಮಾಡುತ್ತಾರೆ. ಹುರುಳಿ, ತೊಗರಿ, ಸಜ್ಜೆ ಹರಡಿರುತ್ತದೆ. ಕಣ ಮಾಡಿಕೊಳ್ಳಲು ಜಾಗವಿಲ್ಲದ ರೈತನ ಕಷ್ಟ ನನಗೆ ಗೊತ್ತು, ಬೈಯುವುದಿಲ್ಲ. ಆದರೆ ಒಣ ಬಳ್ಳಿ ತಳಕ್ಕೆ ಸುತ್ತಿಕೊಂಡು ಕಾರು ಹೊತ್ತಿ ಉರಿದ ಸುದ್ದಿ ನಮ್ಮ ರಾಜ್ಯದಲ್ಲಿ ಹಲವು ಸಲ ಬಂದಿದೆ. ಅಂಥ ಕಡೆ ನಾವು ನಿಂತು, ಒಂದು ಪಕ್ಕ ಸರಿಸಿಕೊಡಿ ಎಂದು ಕೇಳುತ್ತೇವೆ. ಸರಿಸಲು ಆಗದಷ್ಟು ದಪ್ಪ ಹರಡಿದ್ದರೆ ತಿರುಗಿ ಬೇರೆ ದಾರಿ ಹಿಡಿಯುತ್ತೇವೆ. ದಾಟಿದ ಮೇಲೆ ಡ್ರೈವರ್ ಇಳಿದು ತಳ ಬಗ್ಗಿ ನೋಡುತ್ತಾನೆ. ಒಣಹುಲ್ಲಿನ ಮೇಲೆ ಪಾರ್ಕ್ ಮಾಡುವುದಂತೂ ಇಲ್ಲವೇ ಇಲ್ಲ.

ಡೀಸೆಲ್ ಹೊಗೆಯ ವಿಷ ಕಡಿಮೆ ಮಾಡಲು ಬೇರೆ ಟ್ಯಾಂಕಿಗೆ ತುಂಬುವ ದ್ರವ ಆಡ್‌ಬ್ಲೂ. ಅದರ ವಿಷಯದಲ್ಲಿ ಒಮ್ಮೆ ಡ್ರೈವರ್ ಕೇಳಿದ: "ಸಾವ್ಕಾರ್ರ, ಇದೂ ಯೂರಿಯಾ ನೀರ ಅಂತಲ್ರಿ. ಗೋಡೌನ್ ತುಂಬ ಯೂರಿಯಾ ಐತಿ, ಇದಕ್ಯಾಕ ರೊಕ್ಕ ಕೊಡಬೇಕ್ರಿ?" ಕೇಳಿದ್ದು ಸರಿಯಾದ ಪ್ರಶ್ನೆಯೇ. ಆಡ್‌ಬ್ಲೂನಲ್ಲಿ ಇರುವುದು ಶೇ 32.5 ಯೂರಿಯಾ, ಉಳಿದದ್ದು ಖನಿಜ ತೆಗೆದ ಶುದ್ಧ ನೀರು. ಆದರೆ ಗದ್ದೆಗೆ ಹಾಕುವ ಯೂರಿಯಾಕ್ಕೆ 2015ರಿಂದ ಪೂರ್ತಿ ಬೇವಿನೆಣ್ಣೆ ಲೇಪ ಇದೆ, ಬೈಯುರೆಟ್ ಮುಂತಾದ ಕಲ್ಮಶವೂ ಇರುತ್ತದೆ. ಅದನ್ನು ಕರಗಿಸಿ ಹಾಕಿದರೆ ದ್ರವ ಸಿಂಪಡಿಸುವ ಇಂಜೆಕ್ಟರ್, ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್ ಎರಡೂ ಹಾಳು. ಅವನಿಗೆ ಚೀಲ ಬಿಚ್ಚಿ ಕೈಗೆ ಹಾಕಿ ಮೂಸು ಅಂದೆ, ಬೇವಿನ ವಾಸನೆ ಬಂತು. ಮತ್ತೆ ಕೇಳಲಿಲ್ಲ. ಐಎಸ್‌ಒ 22241 ಎಂದು ಬರೆದ ಸೀಲ್ಡ್ ಕ್ಯಾನನ್ನೇ ಕೊಂಡು, ತುಂಬುವಾಗ ಚೆಲ್ಲಿದರೆ ಕೂಡಲೇ ನೀರಿನಿಂದ ಒರೆಸಿ. ಒಣಗಿದರೆ ಬಿಳಿ ಹರಳಾಗುತ್ತದೆ. ಪೂರ್ತಿ ಖಾಲಿಯಾದರೆ ಕಾರು ಮತ್ತೆ ಸ್ಟಾರ್ಟ್ ಆಗುವುದಿಲ್ಲ, ಹಾಗಾಗಿ ಡಿಸ್‌ಪ್ಲೇಯಲ್ಲಿ ಮೊದಲ ಸೂಚನೆ ಬಂದಾಗಲೇ ತುಂಬುವುದು ನಮ್ಮ ರೂಢಿ.

ಪಂಕ್ಚರ್ ಅಂಗಡಿಯಲ್ಲಿ ಒಂದು ಗಮನ ಬೇಕು. ಈ ಕಾರುಗಳಿಗೆ ಗಾಲಿಗೆ ನಟ್ ಇರುವುದಿಲ್ಲ, ಬೋಲ್ಟ್ ನೇರವಾಗಿ ಹಬ್‌ಗೆ ಹೋಗುತ್ತದೆ. ಬೋಲ್ಟ್ ಬಿಚ್ಚಿದ ಕೂಡಲೇ ಗಾಲಿ ಕೈಗೆ ಬರುತ್ತದೆ, ಮತ್ತೆ ಕೂರಿಸುವಾಗ ತೂತಿಗೆ ತೂತು ಹೊಂದುವುದಿಲ್ಲ. ಟೂಲ್ ಕಿಟ್‌ನಲ್ಲಿ ಇದಕ್ಕೆಂದೇ ಒಂದು ಪಿನ್ ಇದೆ. ಅದನ್ನು ಮೇಲಿನ ತೂತಿಗೆ ತಿರುಗಿಸಿ ಹಾಕಿ, ಗಾಲಿಯನ್ನು ಅದಕ್ಕೆ ಜಾರಿಸಿದರೆ ಸಲೀಸು. ಜಾಕನ್ನು ಗುರುತು ಮಾಡಿದ ಜಾಗಕ್ಕೇ ಕೊಡಬೇಕು, ನಡುವೆ ರಬ್ಬರ್ ಪ್ಯಾಡ್ ಇರಲಿ. ಗಾಳಿಯನ್ನು ಬೆಳಗ್ಗೆ ತಣ್ಣಗಿದ್ದಾಗ ನೋಡಬೇಕು. ಏಪ್ರಿಲ್ ಬಿಸಿಲಲ್ಲಿ ಓಡಿ ಬಂದ ಟೈರಿನಲ್ಲಿ ಒತ್ತಡ ಹೆಚ್ಚು ತೋರಿಸಿತೆಂದು ಗಾಳಿ ಬಿಡಬಾರದು.

ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮಿನಿಂದ ನೀರು ಹೆಚ್ಚು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುತ್ತದೆ. ನೀರು ಅಂಚಿಗೆ ಬಂದಿದೆ ಎಂದು ಕೇಳಿದರೂ ಸಾಕು, ನಾವು ಕಡೇಬಾಗಿಲಿನ ಸೇತುವೆ ಹಿಡಿಯುತ್ತೇವೆ. ಎಂಜಿನ್ ಒಳಗೆ ನೀರು ಎಳೆದುಕೊಂಡರೆ ರಿಪೇರಿ ಬಿಲ್ಲು ಸಣ್ಣದಲ್ಲ.

ಸರ್ವೀಸ್ ವರ್ಷಕ್ಕೊಮ್ಮೆ ಅಥವಾ 15,000 ಕಿ.ಮೀ.ಗೆ, ಯಾವುದು ಮೊದಲೋ ಅದು. ಕಾರು ಕೊಳ್ಳುವಾಗಲೇ ಸರ್ವೀಸ್ ಪ್ಯಾಕೇಜ್ ಕೊಂಡಿದ್ದರಿಂದ ಪ್ರತಿ ಸಲ ಬಿಲ್ಲಿನ ಚಿಂತೆ ಇಲ್ಲ. ಬೆಂಗಳೂರಿನಲ್ಲಿ ಅಕ್ಕಿ ವ್ಯಾಪಾರಿಗಳನ್ನು ಕಾಣುವ ಕೆಲಸವನ್ನು ಅದೇ ದಿನಕ್ಕೆ ಹೊಂದಿಸಿಕೊಳ್ಳುತ್ತೇನೆ. ಹೊರಡುವ ಮುಂಚೆ ಕಾರಿನ ದೂರುಗಳನ್ನು ಬರೆದು, ಶಬ್ದವಿದ್ದರೆ ವಿಡಿಯೊ ಮಾಡಿ ಅಡ್ವೈಸರ್‌ಗೆ ಮೊದಲೇ ಕಳಿಸುತ್ತೇನೆ, ಪಾರ್ಟ್ ತರಿಸಿಡಲು ಅವರಿಗೆ ಸಮಯ ಸಿಗುತ್ತದೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೆ ಬದಲಿಸಿದ್ದಾಯಿತು. ಮೂರು ವರ್ಷದ ವಾರಂಟಿಗೆ ಕಿಲೋಮೀಟರ್ ಮಿತಿ ಇಲ್ಲ, ಆದರೆ ಅದು ಮುಗಿಯುವುದರೊಳಗೆ ಮುಂದುವರಿಸಿಕೊಳ್ಳಬೇಕು. ಈ ಕಾರಿನಲ್ಲಿ 48 ವೋಲ್ಟಿನ ಬ್ಯಾಟರಿ, ಒಂಬತ್ತು ಗೇರಿನ ಆಟೊಮ್ಯಾಟಿಕ್ ಬಾಕ್ಸ್ ಎಲ್ಲ ಇರುವುದರಿಂದ ನಾನು ಮುಂದುವರಿಸುವವನೇ. ಊರಿನ ಗ್ಯಾರೇಜಿನಲ್ಲಿ ಇವುಗಳನ್ನು ಬಿಚ್ಚುವ ಸಲಕರಣೆ ಸದ್ಯಕ್ಕಿಲ್ಲ.