ಮನೆಗೆ ಪಂಚಿಂಗ್ ಬ್ಯಾಗ್: ಒಳಗೇನಿದೆ ಎಂದು ಮೊದಲು ನೋಡಿ

ಪಂಚಿಂಗ್ ಬ್ಯಾಗ್ ಕೊಳ್ಳುವಾಗ ಎಲ್ಲರ ಕಣ್ಣೂ ಹೊದಿಕೆಯ ಮೇಲೆ. ಮಣಿಕಟ್ಟನ್ನು ಉಳಿಸುವುದೂ ಕೆಡಿಸುವುದೂ ಒಳಗೆ ತುಂಬಿದ ಸರಕು.

ತೂಕ ನಿಮ್ಮ ಮೈತೂಕದ ಅರ್ಧದಷ್ಟಿರಲಿ: 70 ಕೆಜಿ ಇರುವವರಿಗೆ 35 ಕೆಜಿ. ಅದಕ್ಕಿಂತ ತೀರಾ ಹಗುರವಾದರೆ ಒಂದೊಂದು ಏಟಿಗೂ ಉಯ್ಯಾಲೆಯಾಡುತ್ತದೆ. ಬರೀ ಕೈಯೇಟಿಗೆ 4 ಅಡಿ ಉದ್ದ ಸಾಕು. ಕಾಲೂ ಬೀಸುವುದಾದರೆ 6 ಅಡಿ ಬೇಕು. ಚರ್ಮ ಹೆಚ್ಚು ಬಾಳುತ್ತದೆ, ಆದರೆ ಆರೈಕೆ ಕೇಳುತ್ತದೆ. ರೆಕ್ಸಿನ್ ಒರೆಸುವುದು ಸುಲಭ. ಕ್ಯಾನ್ವಾಸ್ ಬೆವರು ಹೀರುತ್ತದೆ, ಗೆಣ್ಣು ತರಚುತ್ತದೆ.

ಖಾಲಿ ಚೀಲ ತಂದು ನೀವೇ ತುಂಬುವುದು ಒಳ್ಳೆಯದು. ಹಳೆಯ ಬಟ್ಟೆಯ ಗುಂಡಿ, ಝಿಪ್, ಕೊಕ್ಕೆ ಎಲ್ಲ ಕಿತ್ತು, ಅಂಗೈಗಿಂತ ಚಿಕ್ಕ ಚೂರುಗಳಾಗಿ ಕತ್ತರಿಸಿ. ಒಂದು ಗೇಣಿನಷ್ಟು ಹಾಕಿ, ಒನಕೆಯಂಥ ದಪ್ಪ ಕೋಲಿನಿಂದ ಅಂಚು, ನಡು ಎರಡನ್ನೂ ಜಡಿದು, ಮತ್ತೆ ಒಂದು ಗೇಣು. ತೂಕ ಸಾಲದಿದ್ದರೆ ಮಾತ್ರ ಮರಳು. ಅದನ್ನೂ ಎರಡೆರಡು ಕೆಜಿಯ ಪೊಟ್ಟಣ ಕಟ್ಟಿ, ಎರಡು ಪದರ ಪ್ಲಾಸ್ಟಿಕ್ ಸುತ್ತಿ, ಚೀಲದ ನಟ್ಟನಡುವೆ ಇಡಿ. ಪಕ್ಕಕ್ಕೆ ತಾಗುವಂತಿರಬಾರದು. ಸಡಿಲ ಮರಳು ಸುರಿದರೆ ದಿನ ಕಳೆದಂತೆ ಅದು ತಳಕ್ಕಿಳಿದು ಕಲ್ಲಾಗುತ್ತದೆ, ಮೇಲ್ಭಾಗ ಜೋಲುತ್ತದೆ. ಬಟ್ಟೆಯೂ ಕೆಲವೇ ವಾರಗಳಲ್ಲಿ ಕುಸಿಯುವುದು ಸಹಜ. ಮೇಲಿಂದ ಮತ್ತೆ ತುಂಬಿ.

ತೂಗುಹಾಕುವಾಗ ಅವಸರ ಬೇಡ. ಏಟು ಬಿದ್ದಾಗ ಕೊಕ್ಕೆಯ ಮೇಲೆ ಚೀಲದ ತೂಕಕ್ಕಿಂತ ಎಷ್ಟೋ ಹೆಚ್ಚು ಎಳೆತ ಬೀಳುತ್ತದೆ. ಗಟ್ಟಿ ಕಾಂಕ್ರೀಟಿಗೆ ಕೊರೆದು ಕೂರಿಸುವ ಆಂಕರ್ ಬೋಲ್ಟ್ ಅಥವಾ ದಪ್ಪ ಮರದ ತೊಲೆ, ಇವೆರಡೇ ನಂಬಿಕೆಗೆ ತಕ್ಕವು. ಫಾಲ್ಸ್ ಸೀಲಿಂಗ್ ಎಂದರೆ ಅಪಾಯವೇ. ಚೀಲದ ನಡುಭಾಗ ಎದೆಮಟ್ಟಕ್ಕೆ ಬರಲಿ, ಸುತ್ತ ಮೂರಡಿ ಜಾಗ ಇರಲಿ. ಕೆಳಗಿನ ಮನೆಗೆ ಸದ್ದು ಇಳಿಯುತ್ತಿದ್ದರೆ ಕೊಕ್ಕೆಗೂ ಸರಪಳಿಗೂ ನಡುವೆ ಸ್ಪ್ರಿಂಗ್ ಹಾಕಿ. ಪೂರ್ತಿ ನಿಲ್ಲದಿದ್ದರೂ ಅದುರು ತಗ್ಗುತ್ತದೆ.

ದಿನವೂ ಅಭ್ಯಾಸ ಮುಗಿದ ಮೇಲೆ ಒದ್ದೆ ಬಟ್ಟೆ, ಆಮೇಲೆ ಒಣಬಟ್ಟೆ. ಚರ್ಮವಾದರೆ ಆಗಾಗ ಲೆದರ್ ಕಂಡಿಷನರ್ ತೆಳ್ಳಗೆ ಸವರಿ. ಬಿಸಿಲಿಗೆ ಹಾಕಬೇಡಿ, ಬಿರಿಯುತ್ತದೆ. ತಿಂಗಳಿಗೊಮ್ಮೆ ಚೀಲವನ್ನು ಕಾಲುಸುತ್ತು ತಿರುಗಿಸಿ ಹಾಕಿದರೆ ಒಂದೇ ಕಡೆ ಹಳ್ಳ ಬೀಳುವುದಿಲ್ಲ.

ಅದೇ ದಿನ ಕೊಕ್ಕೆಯ ಬುಡವನ್ನು ಬೆರಳಿಂದ ಸವರಿ ನೋಡಿ. ಕಪ್ಪು ಪುಡಿ ಅಂಟಿದರೆ ಲೋಹ ಸವೆಯುತ್ತಿದೆ ಎಂದರ್ಥ. ಸರಪಳಿಯ ಮೇಲ್ತುದಿಯ ಕೊಂಡಿಯಲ್ಲಿ ಹೊಳೆಯುವ ಗೀರು ಉಗುರಿಗೆ ಸಿಗುವಷ್ಟು ಆಳವಾಗಿದ್ದರೆ ಎಣ್ಣೆ ಹಚ್ಚಿ ಸುಮ್ಮನಾಗಬೇಡಿ, ಬದಲಿಸಿ. ಚೀಲವನ್ನು ಸರಪಳಿಗೆ ತೂಗುಹಾಕುವ ಪಟ್ಟಿಯ ಹೊಲಿಗೆ ಬಿಟ್ಟಿದ್ದರೆ ಇಳಿಸಿ ಹೊಲಿಸಿ. ಮೈಮೇಲಿನ ಸಣ್ಣ ಹರಕಿಗೆ ಬಟ್ಟೆಯ ಟೇಪ್ ಸಾಕು. ತೂಕ ಹೊರುವ ಪಟ್ಟಿಗೆ ಟೇಪ್ ಸುತ್ತಿದರೆ ಒಳಗೆ ಹರಿಯುತ್ತಿರುವುದು ಕಣ್ಣಿಗೆ ಬೀಳದೆ ಹೋಗುತ್ತದೆ.