ಗಣಿ ನಿಂತ ಊರಿನ ಮನೆಯನ್ನು ಮಳೆಗಾಲದಲ್ಲಿ ಮಾರಿದ್ದು: ನನ್ನ ಅನುಭವ

ಉತ್ತರ ಕನ್ನಡದ ಯಲ್ಲಾಪುರ ತಾಲೂಕಿನ ಬಿಸಗೋಡಿನ ಕಡೆ ಮ್ಯಾಂಗನೀಸ್ ಗಣಿಗಾರಿಕೆ ನಿಂತ ಮೇಲೆ ಅಲ್ಲಿ ಮನೆ ಕೊಳ್ಳುವವರು ಯಾರೂ ಸಿಗಲಾರರು ಎಂದು ನನ್ನಂತೆ ಹಳೆಮನೆ ಕೊಂಡು ದುರಸ್ತಿ ಮಾಡಿ ಮಾರುವ ಶಿರಸಿಯ ವೃತ್ತಿಬಾಂಧವರೆಲ್ಲ ಹೇಳಿದ್ದರು. ಆ ಮನೆ ಈಗ 22 ಲಕ್ಷದ ಆಸುಪಾಸಿಗೆ ಮಾರಾಟವಾಗಿದೆ.

ಕೊಂಡದ್ದು ಸುಮಾರು 11 ಲಕ್ಷಕ್ಕೆ. ಚಿರೆಕಲ್ಲಿನ ಗೋಡೆ ಗಟ್ಟಿಯಾಗಿತ್ತು. ಹಣ ನುಂಗುತ್ತಿದ್ದುದು ಮಾಡು, ಅಂದರೆ ಹಂಚಿನ ಚಾವಣಿ. ಮಂಗಗಳು ಹಾರಿದಲ್ಲೆಲ್ಲ ಹಂಚು ಒಡೆಯುತ್ತಿತ್ತು, ಒಡೆದಲ್ಲಿ ಸೋರಿದ ನೀರಿಗೆ ಹಂಚಿನಡಿಯ ಮರದ ರೀಪು ಕೊಳೆಯುತ್ತಿತ್ತು, ಕೊಳೆತದ್ದಕ್ಕೆ ಒರಲೆ (ಗೆದ್ದಲು) ಹತ್ತುತ್ತಿತ್ತು. ಮಂಗಳೂರು ಹಂಚನ್ನು ತೆಗೆಯದೆ, ಅದರ ಮೇಲೆ ಒಂದಡಿ ಎತ್ತರದಲ್ಲಿ ಜಿಐ ಪೈಪಿನ ಚೌಕಟ್ಟು ನಿಲ್ಲಿಸಿ ಬಣ್ಣದ ಶೀಟು ಹೊದೆಸಿದೆ. ಮಂಗನ ಕಾಟವೂ ತಪ್ಪಿತು, ಕೆಳಗಿನ ಹಂಚು ಮಳೆಯ ಸದ್ದನ್ನೂ ಬಿಸಿಲಿನ ಕಾವನ್ನೂ ತಡೆಯಿತು. ಇದಕ್ಕೇ ಮೂರು ಲಕ್ಷದಷ್ಟು ಹೋಯಿತು. ಪಡುವಣ ಗೋಡೆಗೆ ಮಳೆ ಹೊಡೆಯದಂತೆ ಪ್ರತಿವರ್ಷ ಅಡಿಕೆ ಸೋಗೆಯ ತಟ್ಟಿ ಕಟ್ಟುವ ಕೂಲಿ ಉಳಿಯಲೆಂದು ಶೀಟನ್ನು ಆ ಕಡೆ ನಾಲ್ಕಡಿ ಹೊರಚಾಚಿಸಿದೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಬಾಗಿಲ ದಾರಂದಗಳಲ್ಲಿ (ಚೌಕಟ್ಟುಗಳಲ್ಲಿ) ಅರ್ಧಕ್ಕೆ ಅಂಗಡಿಯ ಒರಲೆ ಔಷಧಿ, ಇನ್ನರ್ಧಕ್ಕೆ ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಗೇರು ಎಣ್ಣೆ ಬಳಿದು ಎರಡು ಮಳೆಗಾಲ ನೋಡಿದೆ. ಗೇರು ಎಣ್ಣೆಯದೇ ಮೇಲಾಯಿತು. ಅದರ ವಾಸನೆ ಬೇಗ ಹೋಗಲು ಏನು ಬೆರೆಸುತ್ತೇನೆಂಬುದು ನನ್ನಲ್ಲೇ ಇರಲಿ.

ಮಾರಾಟ ಮಾತ್ರ ಮುಂದೆ ಸಾಗಲಿಲ್ಲ. ಬೇಸಿಗೆಯಲ್ಲಿ ಹುಬ್ಬಳ್ಳಿಯಿಂದ ಬಂದವರು ಕೆಂಪು ಧೂಳನ್ನೂ ಮುಚ್ಚಿದ ಅಂಗಡಿಗಳನ್ನೂ ನೋಡಿ ಊರಿನ ಬಗ್ಗೆಯೇ ಕೇಳುತ್ತಿದ್ದರು, ಮನೆಯ ಬಗ್ಗೆ ಕೇಳುತ್ತಿರಲಿಲ್ಲ. ಒಬ್ಬ ದಲ್ಲಾಳಿ 14 ಲಕ್ಷಕ್ಕೆ ಮುಗಿಸಿಬಿಡಿ ಎಂದರು. ಖರ್ಚಿನ ಬಡ್ಡಿಯೂ ಹುಟ್ಟದ ಬೆಲೆ ಅದು. ಆಗ ಜಾಹೀರಾತು ನಿಲ್ಲಿಸಿ, ಜೂನ್ ಕೊನೆಯವರೆಗೆ ಯಾರಿಗೂ ಮನೆ ತೋರಿಸಲಿಲ್ಲ. ಆಷಾಢದಲ್ಲಿ ಮನೆಯ ಮಾತೆತ್ತುವುದೇ ಎಂದು ಎಲ್ಲರೂ ಬೇಡವೆಂದರು.

ಜಡಿಮಳೆಯ ದಿನವೇ ಯಲ್ಲಾಪುರದ ಶಿಕ್ಷಕ ದಂಪತಿಯನ್ನು ಕರೆದೊಯ್ದೆ. ಆ ಅಕ್ಕ ಪಡುವಣ ಗೋಡೆಗೆ ಒಳಗಿನಿಂದ ಅಂಗೈ ಒತ್ತಿ, ಅಟ್ಟ ಹತ್ತಿ ಹಂಚಿನ ಅಡಿಯನ್ನೂ ಮುಟ್ಟಿ ನೋಡಿದರು, ಎರಡೂ ಒಣಗಿದ್ದವು. ದುರಸ್ತಿ ಖರ್ಚಿನ ವಹಿಯನ್ನು ಮುಂದಿಟ್ಟೆ: ಶೀಟು ಹಾಕಿದ ನಂತರ ವರ್ಷಕ್ಕೆ ಎರಡು ಸಾವಿರ ದಾಟಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಅರಣ್ಯ ಅತಿಕ್ರಮಣದ ಭಯ ಎಲ್ಲರಿಗೂ ಇರುವುದರಿಂದ ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆಗಳಾದ ಇ-ಸ್ವತ್ತಿನ ನಮೂನೆ 9, 11ಎ ಮತ್ತು ಋಣಭಾರ ಪತ್ರಗಳನ್ನು ಮೊದಲೇ ತೆಗೆಸಿಟ್ಟಿದ್ದೆ. ಬ್ಯಾಂಕಿನವರು ಬೇರೆ ಕಾಗದ ಕೇಳಲಿಲ್ಲ.

ಮುಂಗಡವನ್ನು ಅವರು ಶ್ರಾವಣದಲ್ಲೇ ಕೊಟ್ಟರು, ನೋಂದಣಿಯೂ ಅದೇ ತಿಂಗಳು ಮುಗಿಯಿತು. ಎಲ್ಲ ಕಳೆದು ಐದು ಲಕ್ಷದ ಹತ್ತಿರ ಉಳಿಯಿತು. 14ಕ್ಕೆ ಕೊಡಿ ಎಂದಿದ್ದ ದಲ್ಲಾಳಿ ಈಗ ಜೋಯಿಡಾ ಕಡೆಯ ಇಂಥದೇ ಮನೆಯೊಂದನ್ನು ನನಗೆ ತೋರಿಸಿದ್ದಾರೆ, ಅದರ ಮಾಡನ್ನು ಮಳೆ ಹಿಡಿದ ಮೇಲೆ ಹೋಗಿ ನೋಡುವವನಿದ್ದೇನೆ.