ಹಳೇ ಕನ್ನಡ ಪುಸ್ತಕ ಕೊಳ್ಳುವಾಗ ಏನೇನು ನೋಡಬೇಕು?

ಬೆಲೆ ಕೇಳುವ ಮುಂಚೆ ಒಂದು ಪುಟ ತಿರುಗಿಸಿ, ಅದರ ಹಿಂಬದಿಯನ್ನು ಬೆರಳಿನಿಂದ ಮೆಲ್ಲಗೆ ಸವರಿ. ಅಕ್ಷರಗಳು ಸಣ್ಣಗೆ ಉಬ್ಬಿದಂತೆ ಕೈಗೆ ಸಿಕ್ಕರೆ ಅದು ಸೀಸದ ಮೊಳೆ ಜೋಡಿಸಿ ಒತ್ತಿದ ಅಚ್ಚು. ಪೂರ್ತಿ ನುಣ್ಣಗಿದ್ದರೆ ಮೊಳೆ ಒತ್ತದೆ ಮುದ್ರಿಸುವ ಈಚಿನ ಆಫ್‌ಸೆಟ್ ಇರಬಹುದು, ಹಳೇ ಪ್ರತಿ ಅಂದರೆ ಅನುಮಾನ ಪಡಿ. ನಮ್ಮಪ್ಪ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು, ಇದನ್ನು ಕಲಿಸಿದ್ದು ಅವರೇ.

ಕಿಟ್ಟೆಲ್ ನಿಘಂಟನ್ನೇ ನೋಡಿ. ಅದು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರಬಂತು. ಆಮೇಲೆ ಅದೇ ಪುಟಗಳ ಪಡಿಯಚ್ಚು ತೆಗೆದು ಮರುಮುದ್ರಣವೂ ಆಗಿದೆ. ಅದರಲ್ಲೂ ಹಳೇ ಶೀರ್ಷಿಕೆ ಪುಟ, ಅದೇ ಇಸವಿ ಇರಬಹುದು. ಆ ಇಸವಿ ನೋಡಿ ದುಡ್ಡು ಎಣಿಸಬೇಡಿ. ಕಾಗದ, ಹೊಲಿಗೆ, ಶೀರ್ಷಿಕೆ ಪುಟದ ಹಿಂಬದಿ ಎಲ್ಲ ನೋಡಿ. ದಿನಾ ಬಳಸೋದಕ್ಕೆ ಮರುಮುದ್ರಣವೇ ಒಳ್ಳೇದು, ಆದರೆ ಅದಕ್ಕೆ ಮೂಲ ಪ್ರತಿಯ ಬೆಲೆ ಕೊಡಬಾರದು ಅಲ್ವಾ?

ಇಸವಿಯೇ ಇಲ್ಲದ ಪುಸ್ತಕಗಳು ಜಾಸ್ತಿ ಸಿಗುತ್ತವೆ. ಅವುಗಳ ಕಾಲ ಹುಡುಕುವುದೇ ನನಗೆ ತುಂಬಾ ಇಷ್ಟದ ಕೆಲಸ. ಬೆಲೆ ಆಣೆಯಲ್ಲಿದ್ದರೆ 1957ಕ್ಕಿಂತ ಹಿಂದಿನದು ಅಂದುಕೊಳ್ಳಬಹುದು. ನಯಾಪೈಸೆ ಇದ್ದರೆ 1957ರಿಂದ 1964ರ ಆಸುಪಾಸಿನದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಈಚಿನದು. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿ. ಬರೀ ‘ಪ್ರಭವ ಸಂವತ್ಸರ’ ಅಂತಿದ್ದರೆ ಮಾತ್ರ ಹುಷಾರು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ, ಹಾಗಾಗಿ ಅದು 1867ರದ್ದೂ ಆಗಬಹುದು, 1927ರದ್ದೂ ಆಗಬಹುದು. ಆಗ ಪ್ರೆಸ್ಸಿನ ಹೆಸರು, ಮುನ್ನುಡಿ, ಹಿಂದಿನ ಜಾಹೀರಾತು ಓದಿ ತೀರ್ಮಾನಿಸಿ.

ನಂತರ ಪುಟ ಎಣಿಸಿ. ಚಿತ್ರ ಅಥವಾ ನಕ್ಷೆ ಕಿತ್ತುಹೋಗಿದ್ದರೆ ಬೆಲೆ ತುಂಬಾ ಇಳಿಯಬೇಕು. ಲೈಬ್ರರಿ ಮುದ್ರೆ ಇದ್ದು, ರದ್ದು ಮಾಡಿದ ಗುರುತು ಇಲ್ಲದಿದ್ದರೆ ನಾನು ಕೊಳ್ಳುವುದಿಲ್ಲ. ಅದು ಇನ್ನೂ ಆ ಲೈಬ್ರರಿಯದ್ದೇ ಇರಬಹುದು.

ಮನೆಗೆ ತಂದ ಮೇಲೆ ದಯವಿಟ್ಟು ಸೆಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ನೂ ಬೇಡ. ಟೇಪಿನ ಅಂಟು ಕಾಗದಕ್ಕೆ ಇಳಿದರೆ ಆ ಕಂದು ಕಲೆ ಹೋಗುವುದು ಕಷ್ಟ. ಹೊಸದಾಗಿ ತಂದದ್ದನ್ನು ಕೆಲವು ವಾರ ಬೇರೆ ಇಟ್ಟು, ಹುಳು ಇಲ್ಲ ಅಂತ ಖಾತ್ರಿಯಾದ ಮೇಲೆ ಕಪಾಟಿಗೆ ಸೇರಿಸಿ.

ತಾಳೆಗರಿಯ ಹಸ್ತಪ್ರತಿ ಯಾರಾದರೂ ಮಾರಲು ಬಂದರೆ ಚೌಕಾಸಿಗೆ ಇಳಿಯಬೇಡಿ. ಪುರಾತನ ವಸ್ತುಗಳ ಬಗೆಗಿನ 1972ರ ಕಾಯ್ದೆ ಪ್ರಕಾರ 75 ವರ್ಷ ದಾಟಿದ, ಸಾಹಿತ್ಯ ಇಲ್ಲವೇ ಇತಿಹಾಸದ ದೃಷ್ಟಿಯಿಂದ ಮುಖ್ಯವಾದ ಹಸ್ತಪ್ರತಿ ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ವಿಚಾರಿಸಲು ಹೇಳಿ.

ಹೊಸದಾಗಿ ಶುರುಮಾಡುವವರಿಗೆ ನಾನು ಪುರಾಣದ ದಪ್ಪ ಸಂಪುಟ ಹೇಳುವುದಿಲ್ಲ. ಅವು ಜೋಪಾನವಾಗಿ ಉಳಿದಿವೆ. ನಾಟಕ ಕಂಪನಿಗಳ ಹಾಡಿನ ಪುಸ್ತಕ, ಹಳೇ ಶಾಲಾ ಪಠ್ಯ, ಪಂಚಾಂಗ ಹುಡುಕಿ. ಓದಿ ಬಿಸಾಡಿದ್ದರಿಂದಲೇ ಅವು ಅಪರೂಪ. ಬೆಂಗಳೂರಿನ ಅವೆನ್ಯೂ ರಸ್ತೆಯ ಪುಸ್ತಕದ ರಾಶಿಗಳಲ್ಲಿ, ಊರಿನ ರದ್ದಿ ಅಂಗಡಿಗಳಲ್ಲಿ ತಾಳ್ಮೆಯಿಂದ ಕೆದಕಿದರೆ ಇವತ್ತಿಗೂ ಒಂದೆರಡು ಸಿಗುತ್ತವೆ.